ಸಾಣೆ ಹಿಡಿದು ಕೆಡಿಸಿದವರು

ದಾಂಡೇಲಿಯ ಅಂಬೇವಾಡಿಯ ಆ ಸಾಲುಮನೆಗೆ ನಾನು ಬಂದು ಇನ್ನೂ ವಾರ ಕಳೆದಿರಲಿಲ್ಲ. ನನ್ನ ಚಾಕು ಟೊಮೆಟೊವನ್ನು ಕೊಯ್ಯುವ ಬದಲು ಹಿಸುಕುತ್ತಿತ್ತು. ಎದುರು ಮನೆಯವರು ರಜೆಯ ದಿನ ಸಾಣೆ ಹಿಡಿಯುತ್ತಾರೆಂದು ಯಾರೋ ಹೇಳಿದರು. ಚಾಕು ಹಿಡಿದುಕೊಂಡು ಹೋದೆ. ಅವರು ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ.

"ಇದರ್ಲೆ ಏನ ಕೊಯ್ತೀರಿ ಅಕ್ಕೋರ?"

"ಕಾಯಿಪಲ್ಯೆ ರೀ. ಬದನಿಕಾಯಿ, ಉಳ್ಳಾಗಡ್ಡಿ..."

"ಹಂಗಾದ್ರ ಒಂದ ಬದನಿಕಾಯಿ ತರ್ರಿ. ಕೊಯ್ದು ತೋರಸ್ರಿ."

ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಮನೆಗೆ ಹೋಗಿ ಬದನೆಕಾಯಿ ತಂದು ಅವರ ಕಟ್ಟೆಯ ಮೇಲೆ ಕೂತು ಹೆಚ್ಚತೊಡಗಿದೆ. ಅವರು ಎದುರಿಗೆ ಕುಕ್ಕರಗಾಲಲ್ಲಿ ಕೂತು ಚಾಕುವನ್ನಲ್ಲ, ನನ್ನ ಕೈಯನ್ನು ನೋಡುತ್ತಿದ್ದರು. "ಅರೆ! ನೀವ ಎಡಗೈಲೆ ಕೊಯ್ತೀರಲ್ಲ!" ಎಂದು ದೊಡ್ಡ ಸುದ್ದಿ ಸಿಕ್ಕವರಂತೆ ಹೆಂಡತಿಯನ್ನು ಕೂಗಿ ಕರೆದರು. ಎಡಗೈಯಿಂದ ಕೊಯ್ದರೆ ಸಾಣೆಯಲ್ಲಿ ಏನು ವ್ಯತ್ಯಾಸ ಮಾಡಬೇಕೋ ನನಗೆ ಇಂದಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿತ್ತೆಂದು ಹೇಳಲಾರೆ. ಆದರೆ ಅದನ್ನು ಕಂಡು ಅವರಿಗಾದ ಸಂತೋಷ ಮಾತ್ರ ನಿಜವಾದದ್ದು.

ಕಟ್ಟೆಯ ಕೆಳಗೆ ಇನ್ನೂ ಕೆಲವರು ಸರದಿ ಕಾಯುತ್ತಿದ್ದರು. ಒಬ್ಬನ ಕೈಯಲ್ಲಿ ಕತ್ತಿ, ಜೊತೆಗೆ ಬಿದಿರಿನ ತುಂಡು. ಒಬ್ಬಾಕೆಯ ಕೈಯಲ್ಲಿ ಕತ್ತರಿ, ಹೆಗಲ ಮೇಲೆ ಹರಿದ ಲಂಗದ ಬಟ್ಟೆ. ಇನ್ನೊಬ್ಬ ಕಂಕುಳಲ್ಲಿ ಜೀವಂತ ಕೋಳಿಯನ್ನೇ ಅವುಚಿಕೊಂಡು ಬಂದಿದ್ದ. ಅವನೊಬ್ಬನಿಗೆ ಮಾತ್ರ ಕೊಯ್ದು ತೋರಿಸುವುದರಿಂದ ವಿನಾಯಿತಿ ಸಿಕ್ಕಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಧಾರವಾಡದಿಂದ ದಾಂಡೇಲಿಯ ಹೈಸ್ಕೂಲಿಗೆ ಹಿಂದಿ ಕಲಿಸಲು ಬಂದವಳು. ಅವರು ಗೋಕಾಕದ ಕಡೆಯವರು, ಕಾಗದದ ಮಿಲ್ಲಿನಲ್ಲಿ ಕೆಲಸ. ಸಾಲುಮನೆಯವರಿಗೆಲ್ಲ ಅವರು ಸಾಣಿ ಕಾಕಾ, ಅವರ ಹೆಂಡತಿ ಕಾಕು. ನಾನೂ ಹಾಗೆಯೇ ಕರೆದೆ. ಕಾಕಾ ಈಗಿಲ್ಲ. ಸುದ್ದಿ ನನಗೆ ಬಹಳ ತಡವಾಗಿ, ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ನೆರೆಯವರೊಬ್ಬರಿಂದ ತಿಳಿಯಿತು. ಹೇಗೆ ಹೋದರು, ಯಾವಾಗ ಹೋದರು ಎಂದೆಲ್ಲ ಆ ನೆರೆಯವರು ಹೇಳುತ್ತಿದ್ದರೆ ನನ್ನ ಕಣ್ಣ ಮುಂದೆ ಬಂದದ್ದು ಕಾಕಾ ತಮ್ಮ ಎರಡೂ ಅಂಗೈಗಳನ್ನು ಮೇಲೆ ಮಾಡಿ ಹಿಡಿದು ನೋಡಿಕೊಳ್ಳುತ್ತಿದ್ದ ಚಿತ್ರ. ಏನಾದರೂ ಕೆಟ್ಟಾಗ ಹಾಗೆ ನೋಡಿಕೊಳ್ಳುತ್ತಿದ್ದರು, ಆ ಕೈಗಳು ಬೇರೆ ಯಾರದೋ ಎಂಬಂತೆ. ಆಮೇಲೆ ಒಂದೇ ಮಾತು: "ಹೀಂಗ್ಯಾಕ ಆತು?"

ಬೇರೆಯವರು 'ತಪ್ಪಾತು' ಎನ್ನುವ ಕಡೆ ಅವರು ಇದನ್ನು ಹೇಳುತ್ತಿದ್ದರು. ಇದರಿಂದ ಜನರಿಗೆ ಸಿಟ್ಟು ಬರುತ್ತಿತ್ತು. ತಮ್ಮ ಸಾಮಾನು ಹಾಳಾಗಿರುವಾಗ ಹಾಳು ಮಾಡಿದವನೇ ಕೌತುಕದಿಂದ ಕಣ್ಣರಳಿಸಿ ನಿಂತರೆ ಯಾರಿಗೆ ತಾನೆ ಬರುವುದಿಲ್ಲ?

ಮಿಲ್ಲಿನಲ್ಲಿ ಅವರ ಕೆಲಸ ಚಾಕು ಮಸೆಯುವುದೇ. ಬಿದಿರನ್ನು ಚೂರು ಮಾಡುವ ಯಂತ್ರದ ಚಾಕುಗಳವು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ಅವನ್ನು ಮಸೆಯುವುದಕ್ಕೂ ಯಂತ್ರ, ಸಾಣೆಕಲ್ಲಿನ ಮೇಲೆ ಸದಾ ಸುರಿಯುವ ನೀರು, ಕೋನ ಅಳೆದು ಕೂಡಿಸುವ ತಿರುಪು. ಇವರು ಗುಂಡಿ ಒತ್ತಿ ನಿಲ್ಲಬೇಕು. "ಆನಿಯಂಥಾ ಚಾಕು ಮಸದೇನಿ, ಇಲಿಯಂಥಾದ್ದು ಏನ ದೊಡ್ಡದು ಅಂದಕೊಂಡೆ ನೋಡ್ರಿ" ಎಂದು ಅವರೇ ಹೇಳುತ್ತಿದ್ದರು. ಹಳೆಯ ಸೈಕಲ್ಲಿಗೆ ಸಾಣೆಕಲ್ಲು ಜೋಡಿಸಿ, ಪೆಡಲ್ ತುಳಿದರೆ ಕಲ್ಲು ತಿರುಗುವಂತೆ ಮಾಡಿಕೊಂಡರು. ಅಲ್ಲಿಂದ ಶುರುವಾಯಿತು.

ಮೊದಲ ಬಲಿ ಪಕ್ಕದ ಮನೆಯ ಕೊಂಕಣಿ ಹೆಂಗಸಿನ ಈಳಿಗೆ; ಸಾಲುಮನೆಯಲ್ಲಿ ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಸೂಪಾ ಅಣೆಕಟ್ಟಿನ ನೀರಿಗೆ ಊರು ಹೋಗುತ್ತದೆಂದು ಗೊತ್ತಾದ ಮೇಲೆ ಮನೆ ಬಿಟ್ಟು ಬಂದ ಕುಟುಂಬ ಅವರದು. ಆ ಈಳಿಗೆ ಅವರ ಅತ್ತೆ ಬಳಸಿದ್ದು. ತುದಿಯಲ್ಲಿ ಕಾಯಿ ತುರಿಯಲು ಹಲ್ಲು ಹಲ್ಲಾದ ದುಂಡು ಮೂತಿ. ಕಾಕಾ ಹುಟ್ಟಿದ ಊರಿನಲ್ಲಿ ಅಡಿಗೆಗೆ ಒಣಕೊಬ್ಬರಿಯೇ, ಹಸಿಕಾಯಿ ತುರಿಯುವುದು ಗೊತ್ತಿಲ್ಲ. ಅವರು ಆ ಮೂತಿಯನ್ನು ನೋಡಿ, ಪಾಪ, ತುಕ್ಕು ತಿಂದು ಬಾಯಿ ಮುಕ್ಕಾಗಿದೆ ಎಂದುಕೊಂಡು ಒಂದೂ ಹಲ್ಲು ಉಳಿಯದಂತೆ ಉಜ್ಜಿ ನುಣ್ಣಗೆ ಮಾಡಿದರು. ಸಾಲದ್ದಕ್ಕೆ ಅದನ್ನು ತಾವೇ ಹೊತ್ತುಕೊಂಡು ಹೋಗಿ, "ಮುಕ್ಕು ಎಲ್ಲಾ ತಗದೇನಿ ಬಾಯಾರ, ಈಗ ಹೊಸದ ಆಗೇತಿ" ಎಂದು ಕೈಗೆ ಕೊಟ್ಟರು.

ಬಾಯಿ ಅದನ್ನು ನೋಡಿ ನೆಲಕ್ಕೆ ಕೂತುಬಿಟ್ಟರಂತೆ.

ಇಲ್ಲಿ ಬೇರೆ ಯಾರಾದರೂ ಮುಖ ಮರೆಸಿಕೊಳ್ಳುತ್ತಿದ್ದರು. ಕಾಕಾ ಮರುದಿನ ಬೆಳಿಗ್ಗೆ ತೆಂಗಿನಕಾಯಿ ಹಿಡಿದುಕೊಂಡು ಅವರ ಅಡಿಗೆಮನೆಯ ಬಾಗಿಲಲ್ಲಿ ನಿಂತರು. "ಬ್ಯಾರೇ ಮನಿಯಿಂದ ಒಂದ ಈಳಗಿ ತಂದೇನ್ರಿ. ತುರದು ತೋರಸ್ರಿ. ಹಲ್ಲ ಹೆಂಗ ಕೆಲಸ ಮಾಡ್ತಾವ ನೋಡಬೇಕು." ಬಾಯಿ ಬೈದರು. ಆಮೇಲೆ ತುರಿದೂ ತೋರಿಸಿದರು. ಅದನ್ನು ನೋಡಿದ ಮೇಲೆ ಕಾಕಾ ಹಲವು ದಿನ ಕೂತು ಕಾನಸು ಎಂಬ ಅರದಿಂದ ಉಜ್ಜಿ ಉಜ್ಜಿ ಒಂದೊಂದೇ ಹಲ್ಲನ್ನು ಮತ್ತೆ ಹುಟ್ಟಿಸಿದರು. ಕೆಲವು ಹಲ್ಲು ದೊಡ್ಡವಾದವು, ಕೆಲವು ಸಣ್ಣವು. ಆ ಮನೆಯ ಕಾಯಿತುರಿ ಅಂದಿನಿಂದ ಒಂದು ಕಡೆ ಹಿಟ್ಟಿನಂತೆ, ಒಂದು ಕಡೆ ಕಡ್ಡಿಯಂತೆ ಬೀಳುತ್ತಿತ್ತು. ಬಾಯಿ ಅದೇ ಈಳಿಗೆಯನ್ನು ಬಳಸುತ್ತಲೇ ಹೋದರು. ಯಾವ ಚಾಕು ಬಂದರೂ ಮೊದಲು ಕೊಯ್ದು ತೋರಿಸಿ ಎನ್ನುವುದನ್ನು ಕಾಕಾ ಶುರು ಮಾಡಿದ್ದು ಆಮೇಲೆ.

ಮೀಸೆಯ ಕಥೆಯನ್ನು ನನಗೆ ಹೇಳಿದವರು ಕಾಕು. ಹೇಳುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಹೇಳಿದರು. ಪೇಟೆಯ ಕ್ಷೌರದವನು ತನ್ನ ಕತ್ತಿಯನ್ನು ಕಾಕಾಗೆ ಕೊಟ್ಟಿದ್ದ. ಕಾಕಾ ಅದನ್ನು ಸಾಣೆ ಹಿಡಿದು, ಬೇರೆಯವರ ಮೇಲೆ ಪ್ರಯೋಗವಾಗುವುದು ಬೇಡ, ಮೊದಲು ನನಗೇ ಮಾಡು ಎಂದು ಅವನ ಕುರ್ಚಿಯಲ್ಲಿ ಕೂತರು. ಅಷ್ಟರ ಮಟ್ಟಿಗೆ ಧರ್ಮವಂತರು. ಕತ್ತಿ ಗಲ್ಲದ ಮೇಲೆ ಚೆನ್ನಾಗಿಯೇ ಓಡಿತು. ಮೀಸೆಯ ಬಳಿ ಬಂದಾಗ ಅಲಗಿನ ತುದಿಯಲ್ಲಿ ಉಳಿದಿದ್ದ ಕಣ್ಣಿಗೆ ಕಾಣದ ಸೀಳು ಕೂದಲನ್ನು ಕಚ್ಚಿಕೊಂಡಿತು. ಕಾಕಾ ಬೆಚ್ಚಿದರು. ಕ್ಷೌರದವನ ಕೈ ಜಾರಿತು. ಅರ್ಧ ಮೀಸೆ ನೆಲಕ್ಕೆ ಬಿತ್ತು. ಉಳಿದರ್ಧವನ್ನು ತೆಗೆಯದೆ ಗತಿ ಇರಲಿಲ್ಲ.

ಕಾಕಾನ ಮನೆತನದಲ್ಲಿ ಗಂಡಸರು ಮೀಸೆ ತೆಗೆಯುವುದು ತಂದೆ ತೀರಿಕೊಂಡಾಗ ಮಾತ್ರ. ಮರುದಿನ ಮಿಲ್ಲಿನ ಗೇಟಿನಲ್ಲಿ ಅವರ ಊರ ಕಡೆಯವನೊಬ್ಬ ನೋಡಿದ, ಹತ್ತಿರ ಬಂದು ಹೆಗಲು ಮುಟ್ಟಿ ಹೋದ. ಕಾಕಾ ಅದು ಸ್ನೇಹವೆಂದುಕೊಂಡರು. ಸಂಜೆಗೆ ಮನೆ ಮುಂದೆ ಜನ ಕೂಡಿದರು. ಕಾಕು ಗಾಬರಿಯಾಗಿ ಯಾರು ಹೋದರೆಂದು ಅವರನ್ನೇ ಕೇಳಿದರು. ಎಲ್ಲ ತಿಳಿದು ನಕ್ಕು ಜನ ಚದುರಿದರು. ಆದರೆ ಅಷ್ಟರಲ್ಲಿ ರಜೆಯ ಮೇಲೆ ಊರಿಗೆ ಹೊರಟಿದ್ದ ಒಬ್ಬ ಸುದ್ದಿಯನ್ನೂ ಹೊತ್ತುಕೊಂಡು ಬಸ್ಸು ಹತ್ತಿಬಿಟ್ಟಿದ್ದ.

ಕೆಲವು ದಿನಗಳ ಮೇಲೆ ತಲೆಗೆ ಪಟಕಾ ಸುತ್ತಿದ ಮುದುಕರೊಬ್ಬರು ಕೋಲೂರಿಕೊಂಡು ಅಂಬೇವಾಡಿಯ ಮನೆ ಹುಡುಕಿಕೊಂಡು ಬಂದರು. ಕಾಕಾನ ತಂದೆ. ಮಗನ ಬೋಳು ಮೇಲ್ತುಟಿಯನ್ನು ಬಹಳ ಹೊತ್ತು ನೋಡಿ ಕೇಳಿದರಂತೆ: "ನಾ ಸತ್ತೇನಂತ ನಿನಗ ಹೇಳಿದವರ್ಯಾರೋ? ನನಗೊಂದ ಮಾತ ತಿಳಸಬಾರದ?"

ತಾವು 'ಸತ್ತ' ಮನೆಯಲ್ಲಿ ಮುದುಕರು ಒಂದು ವಾರ ಇದ್ದು, ಹೋಳಿಗೆ ಉಂಡು ಹೋದರು. ಅಷ್ಟು ದಿನ ಮಗನೊಡನೆ ಇದ್ದದ್ದು ಅದೇ ಕೊನೆ ಎಂದು ಕಾಕು ಹೇಳಿದರು. ಆಗ ಮಾತ್ರ ಸೆರಗು ಬಾಯಿಂದ ಕೆಳಗಿಳಿದಿತ್ತು.

ಇಷ್ಟಾದ ಮೇಲೆ ಕಾಕು ತಮ್ಮ ಮನೆಯ ಈಳಿಗೆಯನ್ನು ಗಂಡನ ಕೈಗೆ ಕೊಡುತ್ತಿರಲಿಲ್ಲ. ಹಳಿಯಾಳಕ್ಕೆ ಹೋದಾಗ ಅಲ್ಲಿಯ ಕಮ್ಮಾರನಿಂದ ಹರಿತ ಮಾಡಿಸಿಕೊಂಡು ಬರುತ್ತಿದ್ದರು. ಕಾಕಾ ಅದಕ್ಕೆ ಬೇಸರಪಡಲಿಲ್ಲ. ಕಮ್ಮಾರ ಹೇಗೆ ಮಾಡಿದ್ದಾನೆಂದು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಕೊಯ್ದು ತೋರಿಸಿ ಎಂಬ ಅವರ ನಿಯಮವೇ ಅವರನ್ನು ಕೆಡವಿದ್ದು ಒಂದು ಚಳಿಗಾಲದಲ್ಲಿ.

ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಒಂದು ಕುಟುಂಬ ದಾಂಡೇಲಿಯ ಪೇಟೆಯಲ್ಲಿ ಡೇರೆ ಹಾಕಿ ಸ್ವೆಟರ್ ಮಾರಲು ಬಂದಿತ್ತು. ಮೂವತ್ತರ ಆಸುಪಾಸಿನ ಹೆಂಗಸು, ಅವಳ ಮುದಿ ತಂದೆ. ನಾನು ಕಾಕು ಜೊತೆ ಸ್ವೆಟರ್ ನೋಡಲು ಹೋಗಿದ್ದೆ. ಕಾಕಾ ಅಂದು ಸಾಣೆಯ ಸೈಕಲ್ಲನ್ನು ಪೇಟೆಗೇ ತಂದಿದ್ದರು. ಆ ಹೆಂಗಸು ತನ್ನ ಕತ್ತರಿ ಕೊಟ್ಟಳು. ಅದನ್ನು ಸರಿಯಾಗಿಯೇ ಮಾಡಿಕೊಟ್ಟರು. ಆಮೇಲೆ ಅವರ ಕಣ್ಣು ಮುದುಕರ ಸೊಂಟದ ಮೇಲೆ ಬಿತ್ತು. ಅಲ್ಲಿ ಅಂಗೈಯಗಲದ ಒಂದು ಚರ್ಮದ ಚೀಲ ತೂಗುತ್ತಿತ್ತು. ಚೀಲದ ತಳಕ್ಕೆ ಬಿಲ್ಲಿನಂತೆ ಬಾಗಿದ ದಪ್ಪ ಉಕ್ಕಿನ ಪಟ್ಟಿ ಹೊಲಿದಿತ್ತು. ನೋಡಿದರೆ ಮೊಂಡಾದ ಚೂರಿಯ ಅಲಗಿನಂತೆಯೇ ಇತ್ತು.

"ಅಜ್ಜಾರ, ಇದೂ ಕೊಡ್ರಿ. ಇದರ್ಲೆ ಏನ ಕೊಯ್ತೀರಿ? ಮಾಡಿ ತೋರಸ್ರಿ" ಎಂದು ಕೈಸನ್ನೆ ಮಾಡಿದರು. ಮುದುಕರು ನಕ್ಕರು. ಎಡಗೈಯಲ್ಲಿ ಏನನ್ನೋ ಹಿಡಿದವರಂತೆ ಮಾಡಿ, ಬಲಗೈಯಲ್ಲಿದ್ದ ಉಕ್ಕನ್ನು ಅದರ ಮೇಲೆ ಸರಕ್ಕನೆ ಇಳಿಸಿ ತೋರಿಸಿದರು. ಕಾಕಾಗೆ ತಿಳಿಯಿತು, ಅಥವಾ ತಿಳಿಯಿತೆಂದುಕೊಂಡರು: ಕಡಿಯುವುದು. ಗಟ್ಟಿ ಏನನ್ನೋ, ಎಲುಬು ಇರಬೇಕು. ಮುದುಕರು ಅದನ್ನು ಅವರ ಕೈಯಲ್ಲಿ ಬಿಟ್ಟು ಪಕ್ಕದ ಚಹಾದ ಅಂಗಡಿಗೆ ಹೋದರು. ನೋಡಲು ಕೇಳುತ್ತಿದ್ದಾನೆ, ನೋಡಲಿ ಎಂದುಕೊಂಡಿದ್ದರಂತೆ.

ಕಾಕಾ ತುಳಿದರು. ಕಿಡಿ ಎಂದೂ ಇಲ್ಲದಷ್ಟು ಹಾರಿತು. "ಏನ ಉಕ್ಕು ಅಂತೀನಿ!" ಎಂದು ಖುಷಿಯಿಂದ ಇನ್ನೂ ಒತ್ತಿ ಹಿಡಿದರು. ಅಲಗಿನ ಉದ್ದಕ್ಕೂ ನವಿಲಿನ ಕತ್ತಿನಂಥ ನೀಲಿ ಬಣ್ಣ ಏರಿತು. ಮಿಲ್ಲಿನಲ್ಲಿ ಸುರಿಯುವ ನೀರು ಇಲ್ಲಿರಲಿಲ್ಲ; ಕಾವಿಗೆ ಉಕ್ಕಿನ ಹದ ಕೆಟ್ಟಿತು.

ಮುದುಕರು ಮರಳಿ ಬಂದು, ಫಳಫಳ ಹೊಳೆಯುವ ಉಕ್ಕಿನ ಬಾಯನ್ನು ನೋಡಿ ನಿಂತರು. ಚೀಲದ ಒಳಗಿಂದ ಒಂದು ಕಲ್ಲಿನ ಚೂರು, ಚಿಟಿಕೆ ಅರಳೆ ತೆಗೆದರು. ಕಲ್ಲಿನ ಮೇಲೆ ಉಕ್ಕನ್ನು ಸರಕ್ಕನೆ ಇಳಿಸಿದರು. ಏನೂ ಆಗಲಿಲ್ಲ. ಮತ್ತೆ ಇಳಿಸಿದರು. ಹೊಸ ಬಾಯಿ ಕಲ್ಲಿಗೆ ತಾಗಿ ಮಡಚಿಕೊಂಡಿತು, ಕಿಡಿ ಬರಲಿಲ್ಲ.

"ಚಾಕು ಇಲ್ಲ ಅದು," ಎಂದಳು ಮಗಳು, ತನಗೆ ಬರುವಷ್ಟು ಕನ್ನಡದಲ್ಲಿ. "ಬೆಂಕಿದು. ಬೆಂಕಿ ಮಾಡೋದು."

ಚಕಮಕಿ. ಕಾಕಾನ ಅಜ್ಜನ ಬಳಿಯೂ ಚಕಮಕಿ ಇತ್ತಂತೆ, ಆದರೆ ಅದಕ್ಕೆ ಈ ರೂಪವಿರಲಿಲ್ಲ. ಮಗಳು ನನ್ನೊಡನೆ ಹಿಂದಿಯಲ್ಲಿ ಉಳಿದದ್ದನ್ನು ಹೇಳಿದಳು. ಅದು ಅವಳ ಅಜ್ಜನದು. ಮನೆಯವರೆಲ್ಲ ದೇಶ ಬಿಟ್ಟು ಹಿಮದಲ್ಲಿ ನಡೆದು ಬರುವಾಗ ದಾರಿಯುದ್ದಕ್ಕೂ ಒಲೆ ಹೊತ್ತಿಸಿದ್ದು ಅದರಿಂದ. ಆಗ ಅವಳು ಸಣ್ಣ ಹುಡುಗಿ. ಬೇರೆ ಸಾಮಾನೆಲ್ಲ ಒಂದೊಂದಾಗಿ ಮಾರಿ ಹೋಯಿತು, ಇದು ಉಳಿದಿತ್ತು. ನಾನು ಅದನ್ನೆಲ್ಲ ಕನ್ನಡದಲ್ಲಿ ಕಾಕಾಗೆ ಹೇಳಬೇಕಾಯಿತು. ಹೇಳುತ್ತ ಹೋದಂತೆ ಅವರ ಮುಖ ಸಣ್ಣದಾಯಿತು. ಮುದುಕರು ಚೀಲವನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡರು. ಹೊಸ ಬಾಯಿ ಅವರ ಉಣ್ಣೆಯ ಅಂಗಿಗೆ ಸಿಕ್ಕಿ ಒಂದು ಎಳೆ ಕಿತ್ತಿತು. ಅವರು ಅದನ್ನು ಬಿಡಿಸಿಕೊಂಡು ಡೇರೆಯೊಳಗೆ ಹೋದರು.

ಕಾಕಾ ಅಂಗೈ ನೋಡಿಕೊಳ್ಳಲಿಲ್ಲ. ಹೀಂಗ್ಯಾಕ ಆತು ಎನ್ನಲಿಲ್ಲ. "ತಪ್ಪಾತ್ರಿ" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

ಮರುದಿನದಿಂದ ಅವರ ಹಿತ್ತಲಿನಲ್ಲಿ ಇದ್ದಿಲ ಹೊಗೆ ಏಳತೊಡಗಿತು. ಹಳೆಯ ಕಾನಸುಗಳನ್ನು ಮುರಿದು, ಕಾಯಿಸಿ ಬಿಲ್ಲಿನಂತೆ ಬಗ್ಗಿಸಿ, ಮತ್ತೆ ಕೆಂಪಗೆ ಕಾಯಿಸಿ, ಗಟ್ಟಿಯಾಗಲೆಂದು ನೀರಿಗೆ ಹಾಕುತ್ತಿದ್ದರು. ಎಷ್ಟೋ ಒಡೆದವು. ಎಣ್ಣೆಗೆ ಹಾಕಿದವು ಒಡೆಯುವುದು ಕಡಿಮೆ ಎಂದು ಕಂಡುಕೊಂಡರು. ಹಳಿಯಾಳದ ಕಮ್ಮಾರನಲ್ಲಿಗೆ ಹೋಗಿ ಕೇಳಿ ಬಂದರು. ಡೇರೆಯವರು ಅಷ್ಟರಲ್ಲಿ ಊರಿಗೆ ಹೋಗಿಬಿಟ್ಟಿದ್ದರು.

"ಅಕ್ಕೋರ, ಮುಂಡಗೋಡಕ್ಕ ಹೋಗೂಣು ಬರ್ರಿ. ನನಗ ಹಿಂದಿ ಬರೂದಿಲ್ಲ," ಎಂದು ಒಂದು ದಿನ ಬಂದು ನಿಂತರು. ಹಿಂದೆಯೇ ಕಾಕು, ಕೈಯಲ್ಲಿ ಸೂಜಿದಾರದ ಡಬ್ಬಿ. "ನಾನೂ ಬರ್ತೇನಿ. ಇವರನ್ನ ಒಬ್ಬರನ್ನ ಬಿಟ್ರ ಇನ್ನೇನ ಸುಡತಾರೋ!"

ಬಸ್ಸು ಬದಲಾಯಿಸಿ ಮುಂಡಗೋಡ ಮುಟ್ಟಿ, ಅಲ್ಲಿಂದ ಕಾಲೊನಿಗೆ ನಡೆದೆವು. ಅಂಗಳಗಳಲ್ಲಿ ಗೋವಿನಜೋಳದ ತೆನೆ ಹರವಿದ್ದರು. ಮನೆ ಸಿಕ್ಕಿತು. ಕಾಕಾನನ್ನು ಕಂಡ ಕೂಡಲೇ ಮಗಳ ಮುಖ ಬಿಗಿಯಾಯಿತು. ಕಾಕಾ ಮೊದಲು ತಾವು ಕಾನಸಿನಿಂದ ಮಾಡಿದ ಹೊಸ ಉಕ್ಕನ್ನು ಮುಂದಿಟ್ಟರು. ಮುದುಕರು ಅದನ್ನು ತಿರುಗಿಸಿ ನೋಡಿ ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ ವಾಪಸು ಕೊಟ್ಟರು. ಆಗ ಕಾಕಾ ಹಳೆಯದನ್ನೇ ಕೇಳಿದರು. ಮತ್ತೆ ಕಾಯಿಸಿ ಹದ ಕೊಡಲು ನೋಡುತ್ತೇನೆ ಎಂದರು.

"ಮತ್ತೆ ಇವರ ಕೈಗೆ ಕೊಡಬೇಕಾ?" ಎಂದು ಮಗಳು ನೇರವಾಗಿ ಕನ್ನಡದಲ್ಲೇ ಕೇಳಿದಳು.

ಉತ್ತರ ಕೊಟ್ಟವರು ಕಾಕು. "ತಂಗಿ, ಇವರ ಕೈ ಮ್ಯಾಲೆ ನನಗೂ ನಂಬಿಕಿ ಇಲ್ಲವ್ವ. ಅದಕ್ಕ ನಾನೂ ಬಂದೇನಿ. ಚರ್ಮದ ಹೊಲಿಗಿ ನಾ ಬಿಚ್ತೇನಿ, ನಾನ ಹಾಕಿ ಕೊಡ್ತೇನಿ. ನಡುವಿಂದಷ್ಟ ಇವರದು."

ಮುದುಕರು ಏನೋ ಕೇಳಿದರು. ಮಗಳು ನನಗೆ ಹೇಳಿದಳು, ನಾನು ಕಾಕಾಗೆ: ಅದು ಒಡೆದರೆ ಏನು ಮಾಡುತ್ತೀರಿ?

ಕಾಕಾ ನೇರವಾಗಿಯೇ ಹೇಳಿದರು: "ಒಡದ್ರ ನನ್ನ ಕಡೆ ಉಪಾಯ ಏನೂ ಇಲ್ರೀ. ಮನ್ಯಾಗ ಮಾಡಿ ನೋಡಿದಾಗ ಬಾಳ ಒಡದಾವು. ಆದ್ರ ಹಿಂಗ ಬಿಟ್ರ ಅದು ಎಂದೂ ಬೆಂಕಿ ಕೊಡೂದಿಲ್ಲ. ಇಷ್ಟ ಗೊತ್ತು ನನಗ."

ಅಷ್ಟನ್ನೂ ಹಾಗೆಯೇ ಹೇಳಬೇಕೋ, ಸ್ವಲ್ಪ ಧೈರ್ಯ ಸೇರಿಸಿ ಹೇಳಬೇಕೋ ಎಂದು ನಾನು ಅನುಮಾನಿಸಿದೆ. ಹಾಗೆಯೇ ಹೇಳಿದೆ. ಮುದುಕರು ಸೊಂಟದಿಂದ ಚೀಲವನ್ನು ಬಿಚ್ಚಿ ಕಾಕು ಕೈಗೆ ಕೊಟ್ಟರು. ಕಾಕಾ ಕೈಗಲ್ಲ.

ಅಂಗಳದಲ್ಲಿ ಇದ್ದಿಲು ಹೊತ್ತಿಸಿದೆವು. ಕಾಕಾ ಜೊತೆಗೆ ತಂದಿದ್ದ ಗಾಳಿಯ ತಿದಿಯನ್ನು ಒತ್ತಲು ಮುದುಕರೇ ಕೂತರು. ಕಾಕು ಹಳೆಯ ಹೊಲಿಗೆಯನ್ನು ಒಂದೊಂದೇ ಎಳೆ ಬಿಡಿಸಿ ಉಕ್ಕನ್ನು ಹೊರತೆಗೆದರು. ಕಾಕಾ ಮೊದಲು ತಾವೇ ಮಾಡಿದ್ದ ಚೂಪು ಬಾಯನ್ನು ಉಜ್ಜಿ ಮೊಂಡು ಮಾಡಿದರು, ಆಮೇಲೆ ಬೆಂಕಿಗಿಟ್ಟರು. ಬಣ್ಣ ಏರುವುದನ್ನು ಇಬ್ಬರು ಗಂಡಸರೂ ಒಂದೇ ರೀತಿ ಕತ್ತು ಚಾಚಿ ನೋಡುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಮುದುಕರು ಬೆರಳು ತೋರಿಸಿ ಏನೋ ಅನ್ನುವರು, ಇವರು "ಹೂಂ, ಇನ್ನೊಂದೀಟು" ಅನ್ನುವರು. ನನ್ನ ಹಿಂದಿಯ ಕೆಲಸ ಅಲ್ಲಿಗೆ ಮುಗಿದಿತ್ತು.

ಚೆನ್ನಾಗಿ ಕೆಂಪಾದಾಗ ಇಕ್ಕಳದಿಂದ ಎತ್ತಿ ಎಣ್ಣೆಯ ಡಬ್ಬಿಗೆ ಇಳಿಸಿದರು. ಬುಸ್ಸೆಂದು ಹೊಗೆ ಎದ್ದಿತು. ಆ ಹೊಗೆಯೊಳಗಿಂದ ಟಿಣ್ ಎಂದು ಸಣ್ಣ ಸದ್ದು. ಎಲ್ಲರಿಗೂ ಕೇಳಿತು. ಮಗಳು ನನ್ನ ತೋಳು ಹಿಡಿದಳು. ಕಾಕಾ ಇಕ್ಕಳ ಹಿಡಿದ ಕೈಯನ್ನು ಮೇಲೆತ್ತಲು ಬಹಳ ಹೊತ್ತು ತೆಗೆದುಕೊಂಡರು.

ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಕಾಕಾ ಅದನ್ನು ಮುಚ್ಚಿಡದೆ ಬಟ್ಟೆಯಿಂದ ಒರೆಸಿ, ಬಿರುಕು ಕಾಣುವ ಬದಿಯನ್ನೇ ಮೇಲೆ ಮಾಡಿ ಮುದುಕರಿಗೆ ಕೊಟ್ಟರು. ಮುದುಕರು ಉಗುರಿನಿಂದ ಬಿರುಕನ್ನು ಸವರಿದರು. ಆಮೇಲೆ ಕಲ್ಲಿನ ಚೂರು ತೆಗೆದು, ಅದರ ಅಂಚಿಗೆ ಅರಳೆ ಒತ್ತಿ ಹಿಡಿದು, ಉಕ್ಕನ್ನು ಇಳಿಸಿದರು.

ಕಿಡಿ ಜಲ್ಲನೆ ಸುರಿಯಿತು.

ಅರಳೆಯಲ್ಲಿ ಸಾಸಿವೆಯಷ್ಟು ಕೆಂಪು ಕೂತಿತು. ಮುದುಕರು ಅದನ್ನು ಒಣಹುಲ್ಲಿನಲ್ಲಿಟ್ಟು ಊದುತ್ತ ಒಳಗೆ ನಡೆದರು. ಸ್ವಲ್ಪ ಹೊತ್ತಿಗೆ ಚಹಾ ಬಂತು, ಉಪ್ಪು ಬೆಣ್ಣೆ ಹಾಕಿದ ಅವರ ಚಹಾ. ಕಾಕು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಕಾಕಾ ಪೂರ್ತಿ ಕುಡಿದು ಇನ್ನೊಂದು ಬಟ್ಟಲು ಕೇಳಿದರು.

ಕಾಕು ಹೊಲಿಗೆ ಹಾಕುವಷ್ಟು ಹೊತ್ತು ಕಾಕಾ ತಮ್ಮ ಕಾನಸಿನ ಉಕ್ಕಿನಿಂದ ಕಿಡಿ ಹೊಡೆಯಲು ಮುದುಕರಿಂದ ಕಲಿಯುತ್ತಿದ್ದರು. ಬರಲಿಲ್ಲ. ಬೆರಳಗಂಟಿಗೆ ಹೊಡೆದುಕೊಂಡರು. ಮುದುಕರು ಮಣಿಕಟ್ಟು ಹಿಡಿದು ತಿದ್ದಿದರು. ಮತ್ತೆ ಬೆರಳಿಗೇ ಬಿತ್ತು. ಮಗಳು ನಕ್ಕಳು; ಬೆಳಿಗ್ಗೆಯಿಂದ ಮೊದಲ ಸಲ. ಹೊರಡುವಾಗ ಮುದುಕರು ಒಂದು ಕಲ್ಲಿನ ಚೂರು ಮತ್ತು ಒಂದು ಹಿಡಿ ಅರಳೆಯನ್ನು ಕಾಕಾನ ಜೇಬಿಗೆ ತಾವೇ ತುರುಕಿದರು. ಅವರ ದೇಶದ ಗಿಡದ ಅರಳೆ ಇಲ್ಲಿ ಸಿಗುವುದಿಲ್ಲವಂತೆ, ಇದು ಇಲ್ಲಿಯದೇ ಬೂರುಗದ ಹತ್ತಿ.

ಬಸ್ಸಿನಲ್ಲಿ ಕಾಕು ಕಿಟಕಿಗೆ, ಅವರ ಪಕ್ಕ ಕಾಕಾ, ಹಿಂದಿನ ಸೀಟಿನಲ್ಲಿ ನಾನು. ಕಾಕು ಅಂದು ಉಟ್ಟಿದ್ದು ತವರಿನಿಂದ ಬಂದ ಇಳಕಲ್ ಸೀರೆ. ಬಸ್ಸು ಹೊರಟದ್ದೇ ಮುಂದಿನ ಸೀಟಿನಿಂದ ಟಕ್, ಟಕ್ ಎಂಬ ಸದ್ದು. ಕಂಡಕ್ಟರ್ ತಿರುಗಿ ನೋಡಿದ. ಕಾಕಾ ನಿಲ್ಲಿಸಿದರು. ಅವನು ಮುಂದೆ ಹೋದ ಕೂಡಲೇ ಮತ್ತೆ ಟಕ್, ಟಕ್. ಹೊಲಗಳು ದಾಟಿದವು, ಕಾಡು ಶುರುವಾಯಿತು, ಹೊರಗೆ ಬೆಳಕು ಕಡಿಮೆಯಾಯಿತು. ನಾನು ತೂಕಡಿಸುತ್ತಿದ್ದೆ.

ಕಾಕಾ ಕೂಗಿದ್ದು ಕೇಳಿ ಎಚ್ಚರವಾಯಿತು. ಅವರ ಕೈಯ ಅರಳೆಯಲ್ಲಿ ಕೆಂಪು ಕಣ್ಣೊಂದು ಕೂತಿತ್ತು. ಅದನ್ನು ಎಲ್ಲರಿಗೂ ತೋರಿಸಲು ಎತ್ತಿ ಹಿಡಿದರು. ಕಿಟಕಿಯ ಗಾಳಿ ಅದನ್ನು ಹಾರಿಸಿ ಕಾಕುವಿನ ಮಡಿಲಿಗೆ ಹಾಕಿತು. ಕಂಡಕ್ಟರ್ ಬೈಯುತ್ತ ಓಡಿ ಬಂದ. ಹಿಂದಿನವರು ಎದ್ದು ನಿಂತರು. ಇಳಕಲ್ ಸೀರೆಯ ನೆರಿಗೆಯ ಮೇಲೆ ಬಟಾಣಿಯಷ್ಟು ತೂತು ಬಿದ್ದು ಅಂಚು ಹೊಗೆಯಾಡುತ್ತಿತ್ತು. ಕಾಕು ಅದನ್ನು ಅಂಗೈಯಿಂದ ಬಡಿದು ಆರಿಸಿದರು. ಆಮೇಲೆ ಗಂಡನ ಕಡೆ ತಿರುಗಿದರು. ಇನ್ನು ಕಾಕಾನ ಗತಿ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಹತ್ತೇತಲ್ರೀ!" ಎಂದರು ಕಾಕು. "ಇನ್ನೊಮ್ಮೆ ಮಾಡ್ರಿ, ನೋಡೂಣು."